ಕಾನೂನು ಸಲಹೆ: ಆಸ್ಪತ್ರೆಯಲ್ಲಿ ಬರೆಸಿದ ಮೊದಲ ಸಾಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯವರು ಬಡಗಿ ಕೆಲಸ ಮಾಡುತ್ತಾರೆ, ವಯಸ್ಸು 38. ಎರಡು ತಿಂಗಳ ಹಿಂದೆ ರಾಣೆಬೆನ್ನೂರಿನಿಂದ ಹಲಗೇರಿ ಕಡೆಗೆ ಬೈಕಿನಲ್ಲಿ ಬರುವಾಗ ಹಿಂದಿನಿಂದ ಬಂದ ಕಾರೊಂದು ಗುದ್ದಿತು. ಕಾರಿನವರೇ ದಾವಣಗೆರೆಯ ಖಾಸಗಿ ಆಸ್ಪತ್ರೆಗೆ ಸೇರಿಸಿ, ಇಪ್ಪತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿದರು. ‘ಪೊಲೀಸ್ ಕೇಸು ಬೇಡ, ಪೂರ್ತಿ ಖರ್ಚು ನಾವೇ ನೋಡಿಕೊಳ್ಳುತ್ತೇವೆ’ ಎಂದರು. ಬಲಗೈ ಮಣಿಕಟ್ಟಿಗೂ ತೊಡೆಗೂ ರಾಡ್, ಪ್ಲೇಟ್ ಹಾಕಿದ್ದಾರೆ. ಈಗ ಕಾರಿನವರು ಫೋನ್ ಎತ್ತುತ್ತಿಲ್ಲ. ಆಸ್ಪತ್ರೆಯ ಕಾಗದ ನೋಡಿದರೆ ‘ಬೈಕ್ ಸ್ಕಿಡ್ ಆಗಿ ತಾನೇ ಬಿದ್ದದ್ದು’ ಎಂದು ಬರೆದಿದ್ದಾರೆ. ನಮಗೆ ಇನ್ನು ದಾರಿ ಇದೆಯೇ? (ಗೃಹಿಣಿ, ಹಾವೇರಿ ಜಿಲ್ಲೆ)

ಉತ್ತರ: ದಾರಿ ಇದೆ, ಆದರೆ ಇನ್ನೊಂದು ವಾರವೂ ತಡಮಾಡಬೇಡಿ. ಕಾರಿನವರು ಫೋನ್ ಎತ್ತದಿರುವುದಕ್ಕಿಂತ ದೊಡ್ಡ ತೊಡಕು ಆಸ್ಪತ್ರೆಯ ಆ ಒಂದು ಸಾಲಿನಲ್ಲಿದೆ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ತರಿಸಿಕೊಳ್ಳುವುದೇ ಗಾಯಾಳು ದಾಖಲಾದ ಹೊತ್ತಿನ ಪುಟವನ್ನು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕರ್ತವ್ಯದ ವೈದ್ಯರು ‘ಏನಾಯಿತು’ ಎಂದು ಕೇಳಿ ಒಂದೆರಡು ಸಾಲು ಬರೆದುಕೊಳ್ಳುತ್ತಾರೆ. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ, ಅಥವಾ ನೋವಿನಲ್ಲಿ ಮಾತು ಹೊರಡದಿದ್ದರೆ, ಕರೆತಂದವರು ಹೇಳಿದ್ದೇ ಅಲ್ಲಿ ದಾಖಲಾಗುತ್ತದೆ. ಪೊಲೀಸ್ ಠಾಣೆಗೆ ಅಲೆಯುವುದು ತಪ್ಪಲಿ ಎಂದು ಸ್ವಂತ ನೆಂಟರೇ ‘ಬಿದ್ದುಬಿಟ್ಟ’ ಎಂದು ಬರೆಸಿ, ಆಮೇಲೆ ಪರಿತಪಿಸಿದ ಪ್ರಕರಣಗಳು ಕಡಿಮೆಯಿಲ್ಲ. ನಿಮ್ಮಲ್ಲಿ ಅದನ್ನು ಬರೆಸಿದ್ದು ಎದುರು ಪಕ್ಷದವರೇ ಆಗಿದ್ದರೆ, ಅದನ್ನು ತೋರಿಸಿಕೊಡುವುದು ಅಸಾಧ್ಯವೇನಲ್ಲ.

ಮೊದಲು ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಸಂಪೂರ್ಣ ಕೇಸ್ ಶೀಟಿನ ನಕಲು ಪಡೆಯಿರಿ, ಡಿಸ್ಚಾರ್ಜ್ ಸಾರಾಂಶವೊಂದೇ ಸಾಲದು. ದಾಖಲಾತಿ ಪುಟದಲ್ಲಿ ಸಾಮಾನ್ಯವಾಗಿ ‘ಕರೆತಂದವರು’ ಎಂಬ ಜಾಗ ಇರುತ್ತದೆ. ಅಲ್ಲಿ ಕಾರಿನ ಮಾಲೀಕರ ಹೆಸರೋ ಫೋನ್ ಸಂಖ್ಯೆಯೋ ಇದ್ದರೆ, ಆ ಪುಟವೇ ನಿಮ್ಮ ಪರವಾಗಿ ಮಾತನಾಡತೊಡಗುತ್ತದೆ. ಮುಂಗಡದ ಇಪ್ಪತ್ತು ಸಾವಿರ ಯಾರ ಖಾತೆಯಿಂದ, ಯಾವ ಹೊತ್ತಿಗೆ ಬಂತು ಎಂಬ ರಸೀದಿಯನ್ನೂ ಕೇಳಿ ಪಡೆಯಿರಿ. ಆದರೆ ಇವೆರಡರಿಂದಲೇ ಎಲ್ಲವೂ ಸಾಬೀತಾಗುವುದಿಲ್ಲ. ದಾರಿಯಲ್ಲಿ ಬಿದ್ದವರನ್ನು ಎತ್ತಿ ತಂದು ಹಣ ಕಟ್ಟುವ ಒಳ್ಳೆಯವರೂ ಇದ್ದಾರೆ, ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅಂಥವರಿಗೆ ರಕ್ಷಣೆಯನ್ನೂ ಕೊಟ್ಟಿದೆ, ಮತ್ತು ಎದುರು ಪಕ್ಷದವರು ತಾವೂ ಅಂಥವರೇ ಎಂದು ವಾದಿಸುವುದು ಖಂಡಿತ. ಆದ್ದರಿಂದ ಅವರು ಕಳುಹಿಸಿದ ವಾಟ್ಸ್‌ಆಪ್ ಸಂದೇಶಗಳು, ‘ಕೇಸು ಬೇಡ’ ಎಂದ ಕರೆಗಳ ವಿವರ, ಕಾರಿನ ಮುಂಭಾಗದ ಜಖಂ ಕಾಣುವ ಫೋಟೋ, ಬೈಕಿನ ಹಿಂಬದಿಯ ಜಖಂ, ಕಂಡವರ ಹೆಸರು, ಇಷ್ಟನ್ನೂ ಕೂಡಿಸಿಕೊಳ್ಳಿ. ಬೈಕನ್ನು ಇನ್ನೂ ರಿಪೇರಿ ಮಾಡಿಸಿರದಿದ್ದರೆ ಹಾಗೆಯೇ ಇಡಿ. ಹಿಂದಿನಿಂದ ಗುದ್ದಿದ ಗುರುತಿಗೂ ಸ್ಕಿಡ್ ಆಗಿ ಬಿದ್ದ ಗುರುತಿಗೂ ಇರುವ ವ್ಯತ್ಯಾಸವನ್ನು ಮೋಟಾರು ವಾಹನ ನಿರೀಕ್ಷಕರು ತಮ್ಮ ವರದಿಯಲ್ಲಿ ಬರೆಯಬಲ್ಲರು. ಹತ್ತಿರದ ಪೆಟ್ರೋಲ್ ಬಂಕಿನಲ್ಲಿಯೋ ಅಂಗಡಿಯಲ್ಲಿಯೋ ಸಿಸಿಟಿವಿ ಇದ್ದರೂ ಎರಡು ತಿಂಗಳ ಹಿಂದಿನ ದೃಶ್ಯ ಉಳಿದಿರುವುದು ಅನುಮಾನ. ಆದರೂ ವಿಚಾರಿಸಿ ನೋಡಿ.

ಆಸ್ಪತ್ರೆಯ ಹಳೆಯ ಬರಹವನ್ನು ಅಳಿಸಿ ತಿದ್ದಿಕೊಡಿ ಎಂದು ಯಾರನ್ನೂ ಕೇಳಬೇಡಿ, ತಿದ್ದಿದ ದಾಖಲೆ ತಪ್ಪು ದಾಖಲೆಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಅದರ ಬದಲು ನಿಮ್ಮ ಯಜಮಾನರು, ತಾವು ಹೇಳಿಕೆ ಕೊಡುವ ಸ್ಥಿತಿಯಲ್ಲಿ ಇರಲಿಲ್ಲವೆಂದೂ ನಡೆದದ್ದು ಇಂತಹುದೆಂದೂ ಚಿಕಿತ್ಸೆ ನೀಡಿದ ವೈದ್ಯರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಲಿ.

ಎರಡನೆಯದು ಪೊಲೀಸ್ ದೂರು. ಅಪಘಾತ ನಡೆದ ಜಾಗದ ವ್ಯಾಪ್ತಿಯ ಠಾಣೆಗೆ ಲಿಖಿತ ದೂರು ಕೊಡಿ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ತೀವ್ರ ಗಾಯಕ್ಕೆ 125(ಬಿ) ಅನ್ವಯಿಸುತ್ತವೆ. ದೂರು ತಡವಾದದ್ದೇಕೆ ಎಂಬುದನ್ನು ದೂರಿನಲ್ಲಿಯೇ, ನಡೆದದ್ದು ನಡೆದ ಹಾಗೆ ಬರೆಯಿರಿ: ಶಸ್ತ್ರಚಿಕಿತ್ಸೆ ಆದದ್ದು, ಕಾರಿನವರು ಖರ್ಚು ಕೊಡುವುದಾಗಿ ನಂಬಿಸಿದ್ದು, ಎಂದಿನಿಂದ ಫೋನ್ ಎತ್ತುತ್ತಿಲ್ಲವೆಂಬುದು. ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್, ಗಾಯಾಳುವಿನ ಮನೆಯವರು ಮೊದಲು ಚಿಕಿತ್ಸೆಗೆ ಓಡುವುದೇ ಸಹಜ, ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ಶಂಕಿಸಬಾರದು ಎಂದು ಹೇಳಿದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಂ ಅವಕಾಶ ಕೊಡುತ್ತದೆ. ದೂರು, ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣಾ ಪಟ್ಟಿ, ಇವುಗಳ ನಕಲುಗಳೇ ಮುಂದೆ ಪರಿಹಾರವನ್ನು ತೀರ್ಮಾನಿಸುವ ನ್ಯಾಯಮಂಡಳಿಯಲ್ಲಿ ನಿಮ್ಮ ಬಂಡವಾಳ. ಅಲ್ಲಿ ಬೇಕಾಗುವ ರುಜುವಾತು ಕ್ರಿಮಿನಲ್ ನ್ಯಾಯಾಲಯದಷ್ಟು ಕಟ್ಟುನಿಟ್ಟಿನದಲ್ಲ, ಸಂಭವನೀಯತೆ ಯಾರ ಕಡೆ ಹೆಚ್ಚು ವಾಲುತ್ತದೆ ಎಂಬುದನ್ನು ನೋಡುತ್ತಾರೆ.

ಮೂರನೆಯದು ಕಾಲಮಿತಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿಯ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಮಿತಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ಕಾಲಮಿತಿ ಮೀರಿದೆಯೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನೆಚ್ಚಿ ಯಾರೂ ಕೈಕಟ್ಟಿ ಕೂರಬಾರದು. ‘ರಾಡ್ ತೆಗೆಸಿ, ಪೂರ್ತಿ ಗುಣವಾದ ಮೇಲೆ ಕೇಸು ಹಾಕೋಣ’ ಎಂದು ಕಾಯುವವರೇ ಹೆಚ್ಚು, ಅದು ಅನಗತ್ಯ. ಅರ್ಜಿಯನ್ನು ಈಗಲೇ ಹಾಕಿ, ಅಂಗವಿಕಲತೆಯ ಪ್ರಮಾಣವನ್ನು ಮೂಳೆ ಕೂಡಿದ ಮೇಲೆ ಸಾಕ್ಷ್ಯದ ಹಂತದಲ್ಲಿ ತೋರಿಸಬಹುದು. ಅರ್ಜಿಯನ್ನು ಅಪಘಾತವಾದ ಊರಿನಲ್ಲಿಯೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಜಾಗದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ದುಡಿಮೆಗೆಂದು ಬೇರೆ ರಾಜ್ಯದಲ್ಲಿರುವ ಕನ್ನಡಿಗರಿಗೂ ಇದೇ ಅನುಕೂಲವಿದೆ.

ಇನ್ನು ಎಷ್ಟು ಸಿಗಬಹುದು ಎಂಬ ನಿಮ್ಮ ಮನಸ್ಸಿನ ಪ್ರಶ್ನೆ. ಚಿಕಿತ್ಸೆಯ ವೆಚ್ಚ, ಮಲಗಿದ್ದ ತಿಂಗಳುಗಳ ದುಡಿಮೆ, ನೋಡಿಕೊಂಡವರ ಖರ್ಚು, ಓಡಾಟ, ಪೌಷ್ಟಿಕ ಆಹಾರ, ನೋವು ಮತ್ತು ಸಂಕಟ, ಮುಂದೆ ರಾಡ್ ತೆಗೆಸುವ ವೆಚ್ಚ, ಬದುಕಿನ ಸುಖಸೌಕರ್ಯಗಳ ನಷ್ಟ, ಇವೆಲ್ಲಕ್ಕೂ ಬೇರೆ ಬೇರೆ ಬಾಬ್ತುಗಳಿವೆ. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಬರುವುದು ಮುಂದಿನ ಗಳಿಕೆಯ ನಷ್ಟದ ಬಾಬ್ತಿನಲ್ಲಿ, ಜಗಳವಾಗುವುದೂ ಅಲ್ಲಿಯೇ. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಸಾಮಾನ್ಯವಾಗಿ ವೈದ್ಯರು ಹೇಳಿದ ಕೈಯ ಅಥವಾ ಕಾಲಿನ ಅಂಗವಿಕಲತೆಯ ಮೂರನೇ ಒಂದು ಭಾಗವನ್ನು ಇಡೀ ದೇಹದ ಅಂಗವಿಕಲತೆ ಎಂದು ಹಿಡಿಯುವ ರೂಢಿ ಇದೆ. ಬಲಗೈಗೆ ಶೇ. 36 ಎಂದು ವೈದ್ಯರು ಹೇಳಿದರೆ ದೇಹಕ್ಕೆ ಶೇ. 12. ತಿಂಗಳ ಆದಾಯ 15,000 ರೂಪಾಯಿ ಎಂದಿಟ್ಟುಕೊಂಡರೆ, 36ರಿಂದ 40 ವರ್ಷದವರಿಗೆ ಸರಳಾ ವರ್ಮಾ ತೀರ್ಪು (2009) ನಿಗದಿಪಡಿಸಿದ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 15ರಂತೆ, ನಷ್ಟ 3,24,000 ರೂಪಾಯಿ ಆಗುತ್ತದೆ. ಆದರೆ ಬಲಗೈ ಮಣಿಕಟ್ಟು ತಿರುಗದ ಬಡಗಿ ಉಳಿ ಹಿಡಿಯುವುದು ಹೇಗೆ? ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ (2011) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ದೇಹದ ಅಂಗವಿಕಲತೆಯ ಶೇಕಡಾವಾರು ಬೇರೆ, ಆ ವ್ಯಕ್ತಿಯ ಕಸುಬಿನಲ್ಲಿ ಅದರಿಂದಾಗುವ ಗಳಿಕೆಯ ನಷ್ಟ ಬೇರೆ. ಅದೇ ಗಾಯಕ್ಕೆ ಗಳಿಕೆಯ ನಷ್ಟ ಶೇ. 25 ಎಂದು ನ್ಯಾಯಮಂಡಳಿಗೆ ಮನವರಿಕೆಯಾದರೆ ಮೊತ್ತ 6,75,000 ರೂಪಾಯಿ ಆಗುತ್ತದೆ. ಅಂಗವಿಕಲತೆ ಶಾಶ್ವತವಾದಾಗ ಭವಿಷ್ಯದಲ್ಲಿ ಹೆಚ್ಚಬಹುದಾಗಿದ್ದ ಆದಾಯವನ್ನೂ, ಸ್ವಂತ ದುಡಿಮೆಯ ನಲವತ್ತರೊಳಗಿನವರಿಗೆ ಶೇ. 40ರಂತೆ, ಸೇರಿಸಬೇಕೆಂದು ವಾದಿಸಲು ಸುಪ್ರೀಂ ಕೋರ್ಟಿನ ತೀರ್ಪುಗಳ ಆಧಾರವಿದೆ.

ಈ ಮನವರಿಕೆ ಬಾಯಿಮಾತಿನಿಂದ ಆಗುವಂಥದಲ್ಲ. ನಿಮ್ಮ ಯಜಮಾನರು ಬಡಗಿ ಎನ್ನುವುದಕ್ಕೂ, ಎಷ್ಟು ಗಳಿಸುತ್ತಿದ್ದರೆನ್ನುವುದಕ್ಕೂ ಕಾಗದ ಬೇಕು: ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ವಿವರ, ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ ಇದ್ದರೆ ಅದು, ಬಾಗಿಲು ಕಿಟಕಿ ಮಾಡಿಸಿಕೊಂಡ ಮನೆಯವರೊಬ್ಬರ ಸಾಕ್ಷ್ಯ. ಏನೂ ಇಲ್ಲದಿದ್ದರೆ ನ್ಯಾಯಮಂಡಳಿ ಅಪಘಾತವಾದ ವರ್ಷಕ್ಕೆ ತಕ್ಕ ಕಾಲ್ಪನಿಕ ಆದಾಯವನ್ನು ಹಿಡಿಯುತ್ತದೆ, ಅದು ನುರಿತ ಕಸುಬುದಾರರ ನಿಜವಾದ ಗಳಿಕೆಗಿಂತ ಬಹುತೇಕ ಕಡಿಮೆಯೇ. ಅಂಗವಿಕಲತೆಯ ಪ್ರಮಾಣಪತ್ರವನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಪಡೆದು, ಅವರೇ ಬಂದು ಸಾಕ್ಷಿ ಹೇಳುವಂತೆ ಪ್ರಯತ್ನಿಸಿ. ಕೇಸಿಗಾಗಿಯೇ ಒಮ್ಮೆ ನೋಡಿ ಶೇಕಡಾವಾರು ಬರೆದುಕೊಡುವ ವೈದ್ಯರ ಮಾತಿಗೆ ಸಿಗುವ ಬೆಲೆ ಅಷ್ಟಕ್ಕಷ್ಟೇ, ಮೇಲಿನ ತೀರ್ಪು ಅಂಥ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರಿಸಿಯೂ ಇದೆ.

ಪ್ರಶ್ನೆ: ಅಪಘಾತವಾದಾಗ ನಾನು ಹೆಲ್ಮೆಟ್ ಹಾಕಿರಲಿಲ್ಲ, ಚಾಲನಾ ಪರವಾನಗಿಯೂ ಇರಲಿಲ್ಲ. ಮುರಿದದ್ದು ಕಾಲು. ತಪ್ಪು ನಿನ್ನದೇ, ಏನೂ ಸಿಗುವುದಿಲ್ಲ ಎನ್ನುತ್ತಿದ್ದಾರೆ. (ವಿದ್ಯಾರ್ಥಿ, ತುಮಕೂರು)

ಉತ್ತರ: ಪರವಾನಗಿ ಇಲ್ಲದೆ ಓಡಿಸಿದ್ದಕ್ಕೆ ದಂಡ ಬೇರೆ, ಪರಿಹಾರ ಬೇರೆ. ನಿಮ್ಮ ಚಾಲನೆಯೇ ಅಪಘಾತಕ್ಕೆ ಕಾರಣವಾಗಿದ್ದರೆ ಮಾತ್ರ ನಿಮ್ಮ ಪಾಲಿನ ತಪ್ಪನ್ನು ಲೆಕ್ಕ ಹಾಕಿ ಅಷ್ಟು ಭಾಗ ಕಡಿತ ಮಾಡುತ್ತಾರೆ. ಪರವಾನಗಿ ಇಲ್ಲವೆಂದ ಮಾತ್ರಕ್ಕೆ ತಪ್ಪಿನಲ್ಲಿ ಪಾಲಿದೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಹೇಳಿದೆ. ಒಂದೇ ಬೈಕಿನಲ್ಲಿ ಮೂವರು ಇದ್ದ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿಯೂ (2020), ಆ ಉಲ್ಲಂಘನೆಗೂ ಅಪಘಾತಕ್ಕೂ ಸಂಬಂಧ ತೋರಿಸದೆ ಕಡಿತ ಮಾಡಕೂಡದೆಂದಿತು. ತಲೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ಟಿನ ವಾದಕ್ಕೆ ಒಂದಿಷ್ಟು ತೂಕ ಬರುತ್ತಿತ್ತು, ಕಾಲು ಮುರಿದದ್ದಕ್ಕೂ ಹೆಲ್ಮೆಟ್ಟಿಗೂ ಏನು ನಂಟು?

ಪ್ರಶ್ನೆ: ನನ್ನ ತಮ್ಮನಿಗೆ ಗುದ್ದಿದ ಟ್ರ್ಯಾಕ್ಟರಿಗೆ ವಿಮೆಯೇ ಇಲ್ಲ. ಊರಿನ ಒಬ್ಬರು ‘ವಿಮೆ ಇರುವ ನಮ್ಮ ಗಾಡಿ ತೋರಿಸೋಣ, ಬಂದದ್ದರಲ್ಲಿ ಪಾಲು ಕೊಡು’ ಎನ್ನುತ್ತಿದ್ದಾರೆ. ಏನು ಮಾಡಲಿ? (ರೈತ, ರಾಯಚೂರು ಜಿಲ್ಲೆ)

ಉತ್ತರ: ಆ ಮನುಷ್ಯನ ಜೊತೆ ಈ ವಿಷಯದಲ್ಲಿ ಇನ್ನೊಂದು ಮಾತೂ ಬೇಡ. ಬೇರೆ ವಾಹನ ತೋರಿಸುವುದು ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಅಪರಾಧ. ಸಿಕ್ಕಿಬಿದ್ದರೆ ಪರಿಹಾರವೂ ಹೋಗಿ, ಗಾಯಾಳುವೇ ಆರೋಪಿಯಾಗುತ್ತಾನೆ. ವಿಮಾ ಕಂಪನಿಗಳು ಇಂಥವನ್ನು ಪತ್ತೆಹಚ್ಚಲೆಂದೇ ಸ್ವಂತ ತನಿಖೆಗಾರರನ್ನು ಇಟ್ಟುಕೊಂಡಿವೆ.

ವಿಮೆ ಇಲ್ಲದಿದ್ದರೂ ವಾಹನದ ಮಾಲೀಕರೂ ಚಾಲಕರೂ ಹೊಣೆಗಾರರೇ. ಪೊಲೀಸರು ಜಪ್ತಿ ಮಾಡಿದ ವಿಮೆಯಿಲ್ಲದ ವಾಹನವನ್ನು, ಮಾಲೀಕರು ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಒದಗಿಸುವವರೆಗೆ ನ್ಯಾಯಾಲಯ ಬಿಡುಗಡೆ ಮಾಡುವಂತಿಲ್ಲ ಎಂಬ ನಿಯಮವಿದೆ. ಟ್ರ್ಯಾಕ್ಟರ್ ಠಾಣೆಯ ಅಂಗಳ ಬಿಡುವ ಮೊದಲೇ ವಕೀಲರ ಮೂಲಕ ಈ ನಿಯಮವನ್ನು ನ್ಯಾಯಾಲಯದ ಗಮನಕ್ಕೆ ತನ್ನಿ, ಬಿಟ್ಟ ಮೇಲೆ ಬೆನ್ನು ಹತ್ತುವುದು ಕಷ್ಟ. ಆದೇಶವಾದ ಮೇಲೂ ಮಾಲೀಕರು ಕೊಡದಿದ್ದರೆ, ನ್ಯಾಯಮಂಡಳಿ ಕೊಡುವ ಪ್ರಮಾಣಪತ್ರದ ಮೇಲೆ ಜಿಲ್ಲಾಧಿಕಾರಿಯವರು ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದೆಂದು ಮೋಟಾರು ವಾಹನ ಕಾಯ್ದೆಯ 174ನೇ ಕಲಂ ಹೇಳುತ್ತದೆ. ಇದು ನಿಧಾನದ ದಾರಿ ಎಂಬುದನ್ನು ಮುಚ್ಚಿಡುವುದಿಲ್ಲ.

ಗುದ್ದಿದ ವಾಹನ ಯಾವುದೆಂದೇ ತಿಳಿಯದ ಪ್ರಸಂಗವನ್ನು ಇದಕ್ಕೆ ಬೆರೆಸಬೇಡಿ. ಅದಕ್ಕೆ ಸರ್ಕಾರದ ಪ್ರತ್ಯೇಕ ಯೋಜನೆಯಿದ್ದು, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ನಿಗದಿಯಾಗಿದೆ, ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದ ವಿಚಾರಣಾಧಿಕಾರಿಗೆ ಸಲ್ಲಿಸಬೇಕು.

ಪ್ರಶ್ನೆ: ಅಪಘಾತವಾಗಿ ಇಪ್ಪತ್ತು ದಿನವೂ ಆಗಿಲ್ಲ, ವಿಮಾ ಕಂಪನಿಯವರು ಎರಡೂವರೆ ಲಕ್ಷ ಕೊಡುತ್ತೇವೆ, ಸಹಿ ಮಾಡಿ ಎನ್ನುತ್ತಿದ್ದಾರೆ. ಇನ್ನೊಂದು ಕಡೆ, ವಾರ್ಡಿನಲ್ಲಿ ಭೇಟಿಯಾದ ಒಬ್ಬರು ‘ನಮ್ಮ ವಕೀಲರಿದ್ದಾರೆ, ಈಗ ದುಡ್ಡು ಬೇಡ, ಬಂದದ್ದರಲ್ಲಿ ಶೇ. 30 ಕೊಟ್ಟರೆ ಸಾಕು’ ಎನ್ನುತ್ತಾರೆ. (ಗಾರ್ಮೆಂಟ್ಸ್ ಉದ್ಯೋಗಿ, ಬೆಂಗಳೂರು)

ಉತ್ತರ: ಎರಡು ಕಡೆಗೂ ಈಗ ಸಹಿ ಬೇಡ.

ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತುಪಡಿಸುವ ಅಗತ್ಯವಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ, ಕಂಪನಿಯವರು ಹೇಳುತ್ತಿರುವುದು ಇದನ್ನೇ ಇರಬೇಕು. ತಪ್ಪು ನಿಮ್ಮದೇ ಎಂದು ತೋರುವ ಸಂದರ್ಭದಲ್ಲಿ, ಅಥವಾ ಶಾಶ್ವತ ಊನ ಉಳಿಯದೆ ಕೂಡಿಕೊಳ್ಳುವ ಮೂಳೆ ಮುರಿತಕ್ಕೆ, ಇದು ಬೇಗ ಕೈಸೇರುವ ಒಳ್ಳೆಯ ಹಣ. ಆದರೆ ಇದನ್ನು ಒಪ್ಪಿಕೊಂಡರೆ 166ನೇ ಕಲಮಿನಡಿಯ ನಿಮ್ಮ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಕೂತು ದುಡಿಯುವವರಿಗೆ ಬೆನ್ನುಮೂಳೆಗೆ ಪೆಟ್ಟಾಗಿದ್ದರೆ, ಗಾಯ ಎಲ್ಲಿಗೆ ನಿಲ್ಲುತ್ತದೆಂದು ಇಪ್ಪತ್ತನೆಯ ದಿನ ಯಾವ ವೈದ್ಯರೂ ಹೇಳಲಾರರು. ನಿಮ್ಮ ಗಾಯ ಯಾವುದೆಂದು ನೀವು ಬರೆದಿಲ್ಲ, ವೈದ್ಯರನ್ನು ಕೇಳಿ ನಿರ್ಧರಿಸಿ. ಲೋಕ ಅದಾಲತ್‌ನ ರಾಜಿಗೂ ಇದೇ ಎಚ್ಚರಿಕೆ ಬೇಕು: ಅಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ಮೇಲ್ಮನವಿ ಇಲ್ಲ. ಹಾಗೆಂದು ಅದಾಲತ್ ಬೇಡವೆನ್ನುವುದಿಲ್ಲ. ಅಂಗವಿಕಲತೆಯ ಪ್ರಮಾಣಪತ್ರ ಕೈಯಲ್ಲಿದ್ದು, ಕಂಪನಿ ಕೊಡುವ ಮೊತ್ತ ಲೆಕ್ಕಕ್ಕೆ ಹತ್ತಿರವಿದ್ದರೆ, ಹೈಕೋರ್ಟಿನ ಮೇಲ್ಮನವಿಗೆ ವರ್ಷಗಟ್ಟಲೆ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ವಾರ್ಡಿನ ಮನುಷ್ಯ ದಲ್ಲಾಳಿ. ಬಂದ ಮೊತ್ತದಲ್ಲಿ ಪಾಲು ಕೇಳುವುದನ್ನೂ, ಫಲಿತಾಂಶದ ಮೇಲೆ ಶುಲ್ಕ ನಿಗದಿಪಡಿಸುವುದನ್ನೂ, ದಲ್ಲಾಳಿಗಳ ಮೂಲಕ ಕಕ್ಷಿದಾರರನ್ನು ಹಿಡಿಯುವುದನ್ನೂ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ನನ್ನ ವೃತ್ತಿಬಾಂಧವರಲ್ಲಿ ಕೆಲವರಿಗೆ ಈ ಮಾತು ಹಿಡಿಸದೆ ಇರಬಹುದು. ಬಿಳಿ ಹಾಳೆಗೂ ಖಾಲಿ ವಕಾಲತ್ತಿಗೂ ಸಹಿ ಹಾಕಬೇಡಿ, ಚಿಕಿತ್ಸೆಯ ಮೂಲ ಬಿಲ್ಲುಗಳನ್ನು ಯಾರಿಗೆ ಕೊಟ್ಟರೂ ಮೊದಲು ನಕಲು ಇಟ್ಟುಕೊಂಡು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ನ್ಯಾಯಾಲಯದ ಆವರಣದಲ್ಲಿಯೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100 ಸಹಾಯವಾಣಿಗೆ ಕರೆಮಾಡಿ.

ಪ್ರಶ್ನೆ: ಯಜಮಾನರು ಓಡಿಸುತ್ತಿದ್ದ ನಮ್ಮದೇ ಸ್ಕೂಟರಿನ ಹಿಂದೆ ಕೂತಿದ್ದೆ. ನಾಯಿ ಅಡ್ಡ ಬಂದು ಬಿದ್ದು ಇಬ್ಬರಿಗೂ ಪೆಟ್ಟಾಯಿತು. ವಿಮೆ ಇದೆ. ಪರಿಹಾರ ಸಿಗುತ್ತದೆಯೇ? (ಶಿಕ್ಷಕಿ, ಮೈಸೂರು)

ಉತ್ತರ: ಪಾಲಿಸಿಯ ಪ್ರತಿಯನ್ನು ತೆಗೆದು ನೋಡಿ. ಬರೀ ಮೂರನೇ ವ್ಯಕ್ತಿಯ ವಿಮೆಯಾದರೆ ಹಿಂಬದಿ ಸವಾರರಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಸಮಗ್ರ, ಅಂದರೆ ಪ್ಯಾಕೇಜ್ ಪಾಲಿಸಿಯಾದರೆ ಸಿಗುತ್ತದೆ, ಆದರೆ ಆಗಲೂ ಯಜಮಾನರ ಚಾಲನೆಯಲ್ಲಿ ಅಜಾಗರೂಕತೆ ಇತ್ತೆಂದು ನೀವು ತೋರಿಸಬೇಕಾಗುತ್ತದೆ. ಯಜಮಾನರು ತಾವೇ ಮಾಲೀಕರೂ ಸವಾರರೂ ಆದದ್ದರಿಂದ ಅವರಿಗೆ ಮೂರನೇ ವ್ಯಕ್ತಿಯ ಪರಿಹಾರ ಅನ್ವಯಿಸದು. ಅವರಿಗಿರುವುದು ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದು ಸಾವು ಮತ್ತು ಪಾಲಿಸಿಯಲ್ಲಿ ಹೆಸರಿಸಿದ ಶಾಶ್ವತ ಊನಗಳಿಗೆ ಮಾತ್ರ, ಸಾಧಾರಣ ಮೂಳೆ ಮುರಿತಕ್ಕೆ ಅಲ್ಲ.

ಪ್ರಶ್ನೆ: ಪರಿಹಾರದ ಆದೇಶವಾಗಿ ಅರ್ಧದಷ್ಟು ಹಣವನ್ನು ಮೂರು ವರ್ಷಕ್ಕೆ ಠೇವಣಿ ಇಟ್ಟಿದ್ದಾರೆ. ಈಗ ಕಾಲಿನ ರಾಡ್ ತೆಗೆಸಬೇಕು. ಬ್ಯಾಂಕಿನವರು ಕೊಡುವುದಿಲ್ಲ ಎನ್ನುತ್ತಾರೆ. ಮೊತ್ತವೂ ನಮಗೆ ಕಡಿಮೆ ಎನಿಸಿದೆ. (ಆಟೋ ಚಾಲಕ, ಹುಬ್ಬಳ್ಳಿ)

ಉತ್ತರ: ಬ್ಯಾಂಕಿನವರ ತಪ್ಪಿಲ್ಲ, ನ್ಯಾಯಮಂಡಳಿಯ ಆದೇಶವಿಲ್ಲದೆ ಅವರು ಅವಧಿಗೆ ಮುನ್ನ ಠೇವಣಿ ಮುರಿಯುವಂತಿಲ್ಲ. ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚವನ್ನು ಆಸ್ಪತ್ರೆಯ ಪತ್ರದಲ್ಲಿ ಬರೆಸಿಕೊಂಡು, ಇತ್ತೀಚಿನ ಎಕ್ಸ್‌ರೇ ವರದಿ ಮತ್ತು ಠೇವಣಿ ರಸೀದಿಯ ನಕಲಿನೊಂದಿಗೆ ಅದೇ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಚಿಕಿತ್ಸೆಯ ಕಾರಣಕ್ಕೆ ಅಗತ್ಯವಿರುವಷ್ಟನ್ನು ಸಾಮಾನ್ಯವಾಗಿ ಬಿಡುಗಡೆ ಮಾಡುತ್ತಾರೆ. ಮೊತ್ತ ಹೆಚ್ಚಿಸಬೇಕೆಂಬ ಮೇಲ್ಮನವಿಗೆ ಆದೇಶದ ದಿನದಿಂದ 90 ದಿನಗಳ ಅವಕಾಶವಿದೆ, ನಿಮಗೆ ಹತ್ತಿರವಾಗುವುದು ಹೈಕೋರ್ಟಿನ ಧಾರವಾಡ ಪೀಠ. ರಾಡ್ ತೆಗೆಸುವ ಈಗಿನ ಖರ್ಚು ಆದೇಶದಲ್ಲಿ ‘ಮುಂದಿನ ಚಿಕಿತ್ಸೆ’ಯ ಬಾಬ್ತಿಗೆ ಕೊಟ್ಟದ್ದಕ್ಕಿಂತ ಹೆಚ್ಚಾದರೆ, ಆ ಬಿಲ್ಲುಗಳನ್ನು ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯವಾಗಿ ಸಲ್ಲಿಸಲು ಅನುಮತಿ ಕೇಳಬಹುದು.